ಬಟ್ಟೆ ಸೋಪಿನ ಪೊಟ್ಟಣದ ಮೇಲೆ ಕರಡಿಗೇನು ಕೆಲಸ?

ನಾಲ್ಕು ಕಂಪನಿಗಳ ಬಟ್ಟೆ ಒಗೆಯುವ ಪುಡಿಯನ್ನು ನಾಲ್ಕು ಬಟ್ಟಲಿಗೆ ಸುರಿದು ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾರದ್ದೆಂದು ಹೇಳುವುದು ಕಷ್ಟ. ಬಿಳಿ ಪುಡಿ, ನಡುನಡುವೆ ನೀಲಿ ಕಾಳು, ಒಂದಿಷ್ಟು ಪರಿಮಳ. ಒಳಗಿರುವ ಸಾಮಗ್ರಿಯೂ ಹೆಚ್ಚುಕಡಿಮೆ ಒಂದೇ: ಕೊಳೆ ಬಿಡಿಸುವ ಸರ್ಫ್ಯಾಕ್ಟಂಟ್, ವಾಷಿಂಗ್ ಸೋಡಾ, ನೀರಿನ ಗಡಸುತನ ತಗ್ಗಿಸುವ ಒಂದು ಪದಾರ್ಥ, ಗಾತ್ರ ತುಂಬಿಸಲು ಸೋಡಿಯಂ ಸಲ್ಫೇಟ್, ಬೆಲೆ ಸ್ವಲ್ಪ ಜಾಸ್ತಿಯಾದರೆ ಎಂಜೈಮು. ಇವು ಕೆಲಸ ಮಾಡುವುದು ಬಕೆಟ್ಟಿನ ನೀರೊಳಗೆ, ಕಣ್ಣಿಗೆ ಕಾಣದ ಅಳತೆಯಲ್ಲಿ. ಫಲಿತಾಂಶ ಗೊತ್ತಾಗುವುದು ದುಡ್ಡು ಕೊಟ್ಟು, ಒಗೆದು, ಒಣಗಿಸಿದ ಮೇಲೆ. ಅಂಗಡಿಯಲ್ಲಿ ನಿಂತವರಿಗೆ ಕಾಣುವುದು ಪೊಟ್ಟಣ ಮಾತ್ರ.

ಹೀಗಾಗಿ ತಯಾರಕರು ಎಲ್ಲರಿಗೂ ಸ್ವಭಾವ ಗೊತ್ತಿರುವ ಒಂದು ಪ್ರಾಣಿಯನ್ನು ಹಿಡಿಯುತ್ತಾರೆ, ತಾವು ಹೇಳಬೇಕಾದ ಗುಣವನ್ನು ಅದರ ಬೆನ್ನಿಗೆ ಕಟ್ಟುತ್ತಾರೆ. ಮೃದುತ್ವಕ್ಕೆ ಕರಡಿಮರಿ, ಕೆರೆಗೆ ಕೆಡುಕಾಗದ ಪುಡಿಗೆ ಕಪ್ಪೆ, ಶಕ್ತಿಗೆ ಹೇಸರಗತ್ತೆ. ಮೇಲ್ನೋಟಕ್ಕೆ ಅಲಂಕಾರದ ಹಾಗೆ ಕಂಡರೂ ಇದರ ಹಿಂದೆ ರಸಾಯನಶಾಸ್ತ್ರವಿದೆ, ಟ್ರೇಡ್‌ಮಾರ್ಕ್ ಕಾನೂನಿದೆ, ಅಚ್ಚಿನ ಮನೆಯ ಲೆಕ್ಕಾಚಾರವಿದೆ. ಒಂದು ಪ್ರಾಣಿ ಒಂದೇ ಗುಣವನ್ನು ಹೊರಬೇಕು, ಆ ಗುಣ ಪುಡಿಯಲ್ಲಿ ನಿಜವಾಗಿ ಇರಬೇಕು, ನೋಡುವ ಜನ ಆ ಪ್ರಾಣಿಯನ್ನು ಅದೇ ಅರ್ಥದಲ್ಲಿ ಕಾಣಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಚಿತ್ರ ಉಳಿಯುತ್ತದೆ, ಮಾರಾಟ ಉಳಿಯುವುದಿಲ್ಲ.

ಕರಡಿಮರಿಯ ಒಳಗುಟ್ಟು

ಈ ವಿದ್ಯೆಯನ್ನು ಅತ್ಯಂತ ಅಚ್ಚುಕಟ್ಟಾಗಿ ಮಾಡಿ ತೋರಿಸಿದ್ದು ಯೂನಿಲಿವರ್‌ನ ಫ್ಯಾಬ್ರಿಕ್ ಕಂಡೀಷನರ್, ಅಂದರೆ ಒಗೆದ ಬಟ್ಟೆಯನ್ನು ಕೊನೆಯ ಜಾಲಿಕೆಯಲ್ಲಿ ಮೆತ್ತಗಾಗಿಸುವ ದ್ರವ. ಅದು 1970ರಲ್ಲಿ ಜರ್ಮನಿಯಲ್ಲಿ ‘ಕುಷೆಲ್‌ವೈಶ್’ ಎಂಬ ಹೆಸರಲ್ಲಿ ಬಂತು; 1983ರಲ್ಲಿ ಅಮೆರಿಕದಲ್ಲಿ ‘ಸ್ನಗಲ್’ ಆಯಿತು. ಅಮೆರಿಕದ ಜಾಹೀರಾತಿಗೆ ಕರಡಿಮರಿಯ ಬೊಂಬೆ ಮಾಡಿಕೊಟ್ಟವರು ಕರ್ಮಿಟ್ ಲವ್ ಎಂಬ ಬೊಂಬೆ ಕಲಾವಿದರು. ಇದೇ ದ್ರವ ಫ್ರಾನ್ಸಿನಲ್ಲಿ ‘ಕಾಜೊಲಿನ್’, ಇಟಲಿಯಲ್ಲಿ ‘ಕೊಕ್ಕೊಲಿನೊ’, ಸ್ಪೇನಿನಲ್ಲಿ ‘ಮಿಮೊಸಿನ್’, ಆಸ್ಟ್ರೇಲಿಯಾದಲ್ಲಿ ‘ಹಗ್ಗಿ’. ಎಲ್ಲ ಹೆಸರುಗಳ ಬೇರೂ ಮುದ್ದು ಮಾಡು, ಅಪ್ಪಿಕೋ ಎಂಬ ಅರ್ಥದ್ದೇ. ಕನ್ನಡದಲ್ಲಾಗಿದ್ದರೆ ‘ಮುದ್ದು’ ಎಂದೇ ಇಡಬಹುದಿತ್ತು. ಊರೂರಿಗೆ ಹೆಸರು ಬದಲಾಯಿತು, ಮುಖ ಬದಲಾಗಲಿಲ್ಲ. ಭಾಷೆ ದಾಟುವಾಗ ಅನುವಾದ ಬೇಡದ ಭಾಗ ಆ ಕರಡಿಯ ಮುಖವೊಂದೇ ಎಂದು ಅವರಿಗೆ ಗೊತ್ತಿತ್ತು.

ಬೊಂಬೆಯೇ ಯಾಕೆ ಬೇಕಾಯಿತು? ಮೃದುತ್ವ ಮುಟ್ಟಿ ತಿಳಿಯುವ ಗುಣ. ಟಿವಿ ತೋರಿಸಬಲ್ಲದ್ದು ನೋಟವನ್ನು ಮಾತ್ರ. ನೋಡಿದ ತಕ್ಷಣ ಬೆರಳಿಗೆ ಸ್ಪರ್ಶದ ನೆನಪು ಬರುವಂಥ ಮೇಲ್ಮೈ ಬೇಕು. ಓರೆ ಬೆಳಕಿನಲ್ಲಿ ತುಪ್ಪಳದ ಒಂದೊಂದು ಎಳೆಯೂ ಬೇರೆಬೇರೆ ಕಾಣುವುದರಿಂದ ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಜೊತೆಗೆ ಕರಡಿಮರಿ ಮಡಚಿಟ್ಟ ಟವೆಲ್ಲುಗಳ ರಾಶಿಯ ಮೇಲೆ ಬೀಳುತ್ತದೆ. ರಾಶಿ ಎಷ್ಟು ತಗ್ಗುತ್ತದೆ, ಹೇಗೆ ಮೇಲೇಳುತ್ತದೆ ಎಂಬುದೇ ಇಡೀ ಜಾಹೀರಾತಿನ ಸಾಕ್ಷಿ. ಬರೆದ ಚಿತ್ರ ಬಿದ್ದರೆ ಟವೆಲ್ಲು ತಗ್ಗುವುದಿಲ್ಲ, ತೂಕವಿರುವ ಬೊಂಬೆ ಬಿದ್ದರೆ ತಗ್ಗುತ್ತದೆ.

ಇನ್ನು ದ್ರವದ ಕೆಲಸ. ಹತ್ತಿ ಬಟ್ಟೆ ಒಣಗುವಾಗ ಎಳೆಗಳ ನಡುವೆ ಉಳಿದ ನೀರಿನ ತೆಳು ಪದರ ಅವನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ, ಬಟ್ಟೆ ಹಪ್ಪಳದಂತೆ ಬಿರುಸಾಗುತ್ತದೆ. ನೀರಿನಲ್ಲಿರುವಾಗ ಹತ್ತಿಯ ಮೇಲ್ಮೈಗೆ ಋಣ ವಿದ್ಯುದಂಶ ಇರುತ್ತದೆ. ಕಂಡೀಷನರ್‌ನ ಅಣುವಿಗೆ ಧನ ವಿದ್ಯುದಂಶದ ತಲೆ, ಉದ್ದನೆಯ ಕೊಬ್ಬಿನ ಬಾಲ. ತಲೆ ಹೋಗಿ ಎಳೆಗೆ ಅಂಟಿಕೊಳ್ಳುತ್ತದೆ, ಬಾಲಗಳು ಹೊರಚಾಚಿ ನಿಂತು ಎಳೆಗಳು ಜಾರುವಂತೆ ಮಾಡುತ್ತವೆ. ಕೂದಲಿಗೆ ಎಣ್ಣೆ ಸವರಿದ ಹಾಗೆ. ಹಿಂದೆ ಈ ಬಾಲಗಳನ್ನು ದನದ ಕೊಬ್ಬಿನಿಂದ ಮಾಡುವುದು ಸಾಮಾನ್ಯವಾಗಿತ್ತು. ಆ ಹಳೆಯ ಅಣು ಪರಿಸರದಲ್ಲಿ ಬೇಗ ಕರಗದೆ ಉಳಿಯುತ್ತದೆಂದು 1990ರ ದಶಕದಲ್ಲಿ ಯುರೋಪಿನವರು ಎಸ್ಟರ್‌ಕ್ವಾಟ್ ಎಂಬ ಬೇಗ ಕೊಳೆಯುವ ಬಗೆಗೆ ಹೊರಳಿದರು.

ಮನೆಯಲ್ಲಿ ಎಡವಟ್ಟಾಗುವುದೂ ಇದೇ ಕಾರಣಕ್ಕೆ. ಸೋಪಿನ ಪುಡಿಯ ಸರ್ಫ್ಯಾಕ್ಟಂಟ್ ಋಣ, ಕಂಡೀಷನರ್ ಧನ. ಎರಡನ್ನೂ ಒಂದೇ ನೀರಿಗೆ ಹಾಕಿದರೆ ಒಂದನ್ನೊಂದು ಹಿಡಿದು ಮೇಣದಂಥ ಗಸಿಯಾಗುತ್ತವೆ. ಕೊಳೆಯೂ ಹೋಗುವುದಿಲ್ಲ, ಬಟ್ಟೆ ಮೆತ್ತಗೂ ಆಗುವುದಿಲ್ಲ. ಅದಕ್ಕೇ ಮಷೀನಿನಲ್ಲಿ ಹೂವಿನ ಗುರುತಿನ ಬೇರೆ ಖಾನೆ ಇದೆ. ಅದರ ದ್ರವ ಕೊನೆಯ ಜಾಲಿಕೆಯ ನೀರಿಗೇ ಇಳಿಯುತ್ತದೆ. ಕೈಯಲ್ಲಿ ಒಗೆಯುವವರು ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ, ಬಾಟಲಿಯ ಮೇಲೆ ಹೇಳಿದ ಅಳತೆಯ ದ್ರವವನ್ನು ಮೊದಲು ಬಕೆಟ್ ನೀರಿಗೆ ಬೆರೆಸಿ, ಆಮೇಲೆ ಬಟ್ಟೆ ಅದ್ದಬೇಕು. ಬಟ್ಟೆಯ ಮೇಲೆ ನೇರವಾಗಿ ಸುರಿದರೆ ಎಣ್ಣೆ ಚೆಲ್ಲಿದಂಥ ಕಲೆ ನಿಲ್ಲುತ್ತದೆ. ಟವೆಲ್ಲಿಗೆ ಪ್ರತಿ ಸಲ ಹಾಕಿದರೆ ಕೊಬ್ಬಿನ ಪದರ ದಪ್ಪವಾಗಿ ಅದು ನೀರು ಹೀರುವುದನ್ನೇ ಬಿಡುತ್ತದೆ. ಮೈಕ್ರೋಫೈಬರ್ ಬಟ್ಟೆಗೆ ಮತ್ತು ಬೆವರು ಹೀರುವ ಆಟದ ಉಡುಪಿಗೆ ಇದು ಬೇಡವೇ ಬೇಡ. ಬೆಂಕಿ ತಡೆಯುವ ಲೇಪವಿರುವ ಮಕ್ಕಳ ಉಡುಪಿಗಂತೂ ಹಾಕಲೇಬಾರದು, ಆ ತಡೆಯ ಗುಣ ಕುಗ್ಗುತ್ತದೆ. ಟವೆಲ್ಲಿನ ಮೇಲೆ ಬೀಳುವ ಕರಡಿಮರಿ ಹೇಳುವುದು ನಿಜ. ಅದೇ ಟವೆಲ್ಲು ಮೈ ಒರೆಸುವಾಗ ಏನಾಗುತ್ತದೆಂದು ಅದು ಹೇಳುವುದಿಲ್ಲ, ಅಷ್ಟೆ.

ಇದೇ ಕರಡಿಯನ್ನು ಬಳ್ಳಾರಿ ಸೀಮೆಗೆ ತಂದು ನಿಲ್ಲಿಸಿದರೆ? ಹಂಪಿ ಸಮೀಪದ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಅಲ್ಲಿನ ಕರಡಿಯ ಕೂದಲು ಒರಟು, ಜಡೆಗಟ್ಟಿದ್ದು. ಹೊಲದ ಬದುವಿನಲ್ಲಿ ಎದುರಾದರೆ ಪ್ರಾಣಕ್ಕೇ ಕುತ್ತು. ಕರಡಿ ಆಡಿಸುವವರು ಊರಿಗೆ ಬಂದಾಗ ಹೆದರಿದ ಮಕ್ಕಳಿಗೆ ಕರಡಿ ಕೂದಲಿನ ತಾಯಿತ ಕಟ್ಟಿಸುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಅಂದರೆ ಸ್ನಗಲ್‌ನ ಮರಿಯನ್ನು ಮುದ್ದೆನ್ನಿಸಿದ್ದು ಕಾಡಿನ ಕರಡಿಯಲ್ಲ, ಮಕ್ಕಳು ತಬ್ಬಿ ಮಲಗುವ ಟೆಡ್ಡಿ ಬೊಂಬೆ. ಟೆಡ್ಡಿ ಇರುವ ಮನೆಯಲ್ಲಿ ಆ ಚಿತ್ರ ‘ಮೆತ್ತಗೆ’ ಎನ್ನುತ್ತದೆ, ಇಲ್ಲದ ಮನೆಯಲ್ಲಿ ‘ಓಡು’ ಎನ್ನುತ್ತದೆ.

ಓದಲು ಬಾರದವರಿಗೆ ಎರಡು ಆನೆ

ಪ್ರಾಣಿಗೆ ಇನ್ನೊಂದು ಹಳೆಯ ಕೆಲಸವಿದೆ, ಅದು ಗುರುತು. 19ನೇ ಶತಮಾನದಲ್ಲಿ ಬ್ರಿಟನ್ನಿನಿಂದ ಕೆಂಪು ಬಣ್ಣದ ನೂಲು ಏಡನ್ ಮತ್ತು ಮುಂಬಯಿಗೆ ಬರುತ್ತಿತ್ತು. ಒಂದು ಕಂಪನಿಯ ಚೀಟಿಯ ಮೇಲೆ ಎರಡು ಆನೆಗಳಿದ್ದವು. ಕೊಳ್ಳುವವರಿಗೆ ಕಂಪನಿಯ ಹೆಸರು ಬೇಕಿರಲಿಲ್ಲ; ಅವರು ಕೇಳುತ್ತಿದ್ದುದು ‘ಭೇ ಹಾಥಿ’, ಎರಡಾನೆ. ಇನ್ನೊಂದು ಕಂಪನಿಯೂ ಎರಡಾನೆ ಹಾಕಿತು. ಬರಹ ಬೇರೆ, ವಿವರ ಬೇರೆ ಎಂಬ ವಾದವನ್ನು ಬ್ರಿಟನ್ನಿನ ಅಂದಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. 1882ರ ಆ ತೀರ್ಪು, ಜಾನ್‌ಸ್ಟನ್ ಮತ್ತು ಆರ್-ಯೂಯಿಂಗ್ ಪ್ರಕರಣದ್ದು, ಹೇಳಿದ್ದರ ತಿರುಳು ಇಷ್ಟು: ಚೀಟಿಯ ಭಾಷೆ ಓದಲಾರದ ಗಿರಾಕಿ ಆನೆಯನ್ನೇ ನೋಡಿ ಕೊಳ್ಳುತ್ತಾನಾದರೆ, ಮೋಸವೂ ಆನೆಯಿಂದಲೇ ಆಗುತ್ತದೆ.

ನಮ್ಮ ಕಿರಾಣಿ ಅಂಗಡಿಯ ‘ಮಾರ್ಕ್’ ಎಂಬ ಮಾತು ಈ ಲೋಕದ್ದೇ. ಬಿಳಿ ಬಟ್ಟೆಗೆ ಹಾಕುವ ನೀಲಿಯಲ್ಲಿ ರಾಬಿನ್ ಹೆಸರು ನಿಂತದ್ದು ಹಾಗೆ. ಅದು ಇಂಗ್ಲೆಂಡಿನ ಹಲ್ ನಗರದ ರೆಕಿಟ್ ಕಂಪನಿಯದು, ಹಕ್ಕಿಯೂ ಅಲ್ಲಿನದೇ. ಹಳದಿಗೆ ತಿರುಗಿದ ಬಿಳಿ ಬಟ್ಟೆಯ ಮೇಲೆ ಚೂರು ನೀಲಿ ಕೂತರೆ ಕಣ್ಣಿಗೆ ಹಳದಿ ಅಡಗುತ್ತದೆ. ಕೊಳೆ ತೆಗೆಯುವ ಗುಣ ನೀಲಿಗಿಲ್ಲ, ಜಾಸ್ತಿಯಾದರೆ ಮಚ್ಚೆ ಬೀಳುತ್ತದೆ. ಕಪ್ಪು ಬಿಳುಪಿನ ನಮ್ಮ ರಾಬಿನ್ ಜಾತಿಯ ಹಕ್ಕಿಗೆ ಕನ್ನಡದ ಹೆಸರೇ ‘ಮಡಿವಾಳ ಹಕ್ಕಿ’ ಎಂಬುದನ್ನು ಇಲ್ಲಿ ನೆನೆಯಲೇಬೇಕು. ಇಷ್ಟು ಸೊಗಸಾದ ಗುರುತು ನಮ್ಮ ಹಿತ್ತಿಲಲ್ಲೇ ಹಾಡುತ್ತಿದೆ.

ಹದಿನೆಂಟು ಹೇಸರಗತ್ತೆ, ಎರಡು ಕುದುರೆ

ಜಾಹೀರಾತಿನ ಪ್ರಾಣಿ ಸಾಮಾನ್ಯವಾಗಿ ಕಲ್ಪನೆಯದು. ಅಮೆರಿಕದ ‘ಟ್ವೆಂಟಿ ಮ್ಯೂಲ್ ಟೀಮ್’ ಬೋರಾಕ್ಸ್ ಹಾಗಲ್ಲ. ಬೋರಾಕ್ಸ್ ಎಂದರೆ ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಒಗೆಯುವ ನೀರಿಗೆ ಹಾಕಿದರೆ ಅದು ಕ್ಷಾರತೆಯನ್ನು ಸುಮಾರು 9.2 ಪಿಎಚ್ ಬಳಿ ಹಿಡಿದು ನಿಲ್ಲಿಸುತ್ತದೆ, ಗಡಸು ನೀರನ್ನು ಸ್ವಲ್ಪ ಮೆದುವಾಗಿಸುತ್ತದೆ. ಸೋಪಿನ ಕೆಲಸ ಹಗುರವಾಗುತ್ತದೆ.

1883ರಿಂದ ಸುಮಾರು ಆರು ವರ್ಷ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಿಂದ ಮೊಹಾವಿ ರೈಲು ನಿಲ್ದಾಣಕ್ಕೆ, 165 ಮೈಲಿ ಮರುಭೂಮಿ ದಾಟಿ, ಇದನ್ನು ಗಾಡಿಯಲ್ಲಿ ಸಾಗಿಸಿದರು. ಹೆಸರಿನಲ್ಲಿ ಇಪ್ಪತ್ತು ಹೇಸರಗತ್ತೆ. ನಿಜದಲ್ಲಿ 18 ಹೇಸರಗತ್ತೆ, ಗಾಡಿಗೆ ಹತ್ತಿರ ಕಟ್ಟಿದ 2 ಕುದುರೆ. ಹಿಂದೆ ಎರಡು ಸರಕಿನ ಗಾಡಿ, ಒಂದೊಂದರಲ್ಲೂ ಸುಮಾರು 9 ಟನ್ ಬಿಳಿಗಾರ, ಕೊನೆಗೆ 1,200 ಗ್ಯಾಲನ್ ನೀರಿನ ತೊಟ್ಟಿ. ಹಿಂದಿನ ಚಕ್ರಗಳ ಎತ್ತರ 7 ಅಡಿ. ಹೋಗಲು ಹತ್ತು ದಿನ. ಇಷ್ಟು ದೊಡ್ಡ ಸಾಲನ್ನು ನಡೆಸುತ್ತಿದ್ದುದು ಒಂದೇ ಉದ್ದನೆಯ ಹಗ್ಗ: ಬಿಗಿಯಾಗಿ ಎಳೆದರೆ ಎಡಕ್ಕೆ, ಜಗ್ಗಿ ಜಗ್ಗಿ ಬಿಟ್ಟರೆ ಬಲಕ್ಕೆ.

ಮುಂದೆ ಆ ಗಾಡಿಗಳು ನಿಂತವು. ಈ ಚಿತ್ರ ಪೊಟ್ಟಣಕ್ಕೆ ಏರಿದ್ದು ಆಮೇಲೆ. ಪೆಸಿಫಿಕ್ ಕೋಸ್ಟ್ ಬೋರಾಕ್ಸ್ ಕಂಪನಿಯ ಸ್ಟೀಫನ್ ಮ್ಯಾದರ್ ಇದರ ಬೆಲೆ ಅರಿತವರು. ಮುಂದೆ ಇವರೇ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ಮೊದಲ ನಿರ್ದೇಶಕರಾದರು. 1894ರಲ್ಲಿ ಹೆಸರು ನೋಂದಣಿಯಾಯಿತು. 1904ರ ಸೇಂಟ್ ಲೂಯಿಸ್ ಮಹಾಮೇಳಕ್ಕೆ ನಿಜವಾದ ಹೇಸರಗತ್ತೆಗಳ ಸಾಲನ್ನೇ ತಂದು ಮೆರೆಸಿದರು. ಹೊರೆ ಹೊತ್ತ ಪ್ರಾಣಿಗಳ ಶ್ರಮವೇ ಪದಾರ್ಥದ ಶಕ್ತಿಯ ಮಾತಾಯಿತು. ಅದಕ್ಕೂ ಬಹಳ ಹಿಂದೆ ಇದೇ ಬಿಳಿಗಾರ ಟಿಬೆಟ್ಟಿನ ಕೆರೆಗಳಿಂದ ಹಿಮಾಲಯ ದಾಟಿ ಭಾರತಕ್ಕೆ ಬರುತ್ತಿದ್ದುದು ಕುರಿಗಳ ಬೆನ್ನಿನ ಪುಟ್ಟ ಚೀಲಗಳಲ್ಲಿ. ಆ ಕುರಿಗಳನ್ನು ಯಾರೂ ಪೊಟ್ಟಣದ ಮೇಲೆ ಹಾಕಲಿಲ್ಲ. ಒಂದು ಎಚ್ಚರ: ಸಂತಾನಶಕ್ತಿಗೆ ಹಾನಿ ಎಂಬ ಕಾರಣಕ್ಕೆ ಯುರೋಪಿನ ಒಕ್ಕೂಟ ಬೋರಾಕ್ಸನ್ನು ಅಪಾಯದ ಪಟ್ಟಿಗೆ ಸೇರಿಸಿದೆ. ಮನೆಯಲ್ಲಿದ್ದರೆ ಮಕ್ಕಳ ಕೈಗೆ, ಅಡುಗೆಯ ಡಬ್ಬಗಳ ಸಾಲಿಗೆ ಸಿಗಬಾರದು.

ಕಪ್ಪೆ ಮತ್ತು ಕೆರೆ

ಜರ್ಮನಿಯ ಮೈನ್ಸ್ ನಗರದ ವೆರ್ನರ್ ಉಂಡ್ ಮೆರ್ಟ್ಸ್ ಕಂಪನಿ 1901ರಲ್ಲಿ ಎರ್ಡಾಲ್ ಎಂಬ ಬೂಟ್ ಪಾಲಿಶ್ ತಂದು, ಎರಡು ವರ್ಷದಲ್ಲಿ ಅದಕ್ಕೆ ಕಪ್ಪೆಯ ಗುರುತು ಹಾಕಿತು. ಬೂಟಿನ ಮೇಲೆ ನೀರು ನಿಲ್ಲದೆ ಜಾರಬೇಕು, ಕಪ್ಪೆ ನೀರಿನ ಪ್ರಾಣಿ, ಹೊಂದುತ್ತದೆ. 1986ರಲ್ಲಿ ಇದೇ ಕಂಪನಿ ಫಾಸ್ಫೇಟ್ ಇಲ್ಲದ ಶುಚಿಕಾರಕಗಳನ್ನು ‘ಫ್ರೋಶ್’ ಎಂಬ ಹೆಸರಲ್ಲಿ ತಂದಾಗ ಹಳೆಯ ಕಪ್ಪೆಗೆ ಹೊಸ ಅರ್ಥ ಬಂತು. ಫ್ರೋಶ್ ಎಂದರೆ ಕಪ್ಪೆಯೇ.

ಫಾಸ್ಫೇಟ್ ಗಡಸು ನೀರಿನ ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಸೋಪಿನ ಪುಡಿಗೆ ಬಹಳ ಒಳ್ಳೆಯ ಜೊತೆಗಾರ. ಆದರೆ ಚರಂಡಿಯಿಂದ ಕೆರೆ ಸೇರಿದಾಗ ಅದೇ ಪಾಚಿಗೆ, ಅಂತರಗಂಗೆಗೆ ಗೊಬ್ಬರ. ಅವು ಸತ್ತು ಕೊಳೆತಾಗ ನೀರಿನ ಆಮ್ಲಜನಕ ಮುಗಿಯುತ್ತದೆ. ಕಪ್ಪೆಯ ತೊಗಲು ನೀರನ್ನೂ ಅದರಲ್ಲಿ ಕರಗಿದ್ದನ್ನೂ ಒಳಬಿಡುವಂಥದ್ದು. ನೀರು ಕೆಟ್ಟದ್ದು ಅದಕ್ಕೆ ಬೇಗ ತಟ್ಟುತ್ತದೆ. ಹಾಗಾಗಿ ಈ ಗುರುತು ತಕ್ಕ ಜಾಗದಲ್ಲಿ ಕೂತಿದೆ. ಪ್ರಾಣಿಯ ಸ್ವಭಾವಕ್ಕೂ ಪುಡಿಯ ಗುಣಕ್ಕೂ ಇಷ್ಟು ನೇರವಾದ ಸಂಬಂಧ ಬೇರೆ ಕಡೆ ಸಿಗುವುದು ಅಪರೂಪ.

ಬೆಂಗಳೂರಿನವರಿಗೆ ಇದು ದೂರದ ಮಾತಲ್ಲ. ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಲ್ಲಿ ಬೆಂಕಿ ಹತ್ತಿದ್ದನ್ನು ಎಲ್ಲರೂ ನೋಡಿದ್ದಾರೆ. ಶುದ್ಧೀಕರಿಸದ ಕೊಳಚೆಯ ಜೊತೆ ಬಂದ ಸರ್ಫ್ಯಾಕ್ಟಂಟ್ ಕೋಡಿಯಲ್ಲಿ ಧುಮುಕಿದಾಗ ಗಾಳಿ ಬೆರೆತು ನೊರೆ ಏಳುತ್ತದೆ. ಪೊಟ್ಟಣದ ಮೇಲೆ ‘ಮಣ್ಣಲ್ಲಿ ಕರಗುತ್ತದೆ’ ಎಂದು ಬರೆದಿರಬಹುದು. ಆದರೆ ನಾವು ಸಾಮಾನ್ಯವಾಗಿ ಬಳಸುವ ಪುಡಿಗಳ ಸರ್ಫ್ಯಾಕ್ಟಂಟನ್ನು ಸೂಕ್ಷ್ಮಜೀವಿಗಳು ಚೆನ್ನಾಗಿ ಅರಗಿಸುವುದು ಆಮ್ಲಜನಕ ಇರುವ ನೀರಿನಲ್ಲಿ. ಉಸಿರು ಕಟ್ಟಿದ ಕೆರೆಯಲ್ಲಿ ಅದು ಹಾಗೇ ಉಳಿಯುತ್ತದೆ. ಪರೀಕ್ಷಾಲಯದಲ್ಲಿ ನಿಜವಾದ ಮಾತು ಕೆರೆಯಲ್ಲಿ ನಿಜವಾಗಬೇಕಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹಸಿರು ಹೆಸರಿನ ಸುಳ್ಳು ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ತಂದಿದೆ. ಪರಿಸರದ ಬಗ್ಗೆ ಮಾಡುವ ಹೇಳಿಕೆಗೆ ಪುರಾವೆ ಇರಲೇಬೇಕು. ಎಲೆಯೋ ಕಪ್ಪೆಯೋ ಹಾಕುವ ಮೊದಲು ಪುಡಿಯ ಪರೀಕ್ಷಾ ವರದಿ ಕೈಯಲ್ಲಿರಲಿ.

ನಮ್ಮ ಕಣ್ಣಿನ ಪ್ರಾಣಿಗಳು

ಫ್ರಾನ್ಸಿನಲ್ಲಿ ‘ಲ ಶಾ’ (ಬೆಕ್ಕು), ಚೀನಾದಲ್ಲಿ ‘ಬಿಳಿ ಬೆಕ್ಕು’ ಹೆಸರಾಂತ ಬಟ್ಟೆ ಸೋಪುಗಳು. ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ ಶುಚಿಗೆ ಗುರುತಾಗುವುದು ಸಹಜ. ಬೆಕ್ಕು ಅಡ್ಡ ಬಂದರೆ ಹೊರಟ ಕಾಲು ಹಿಂದೆಗೆಯುವ ನಾಡಿನಲ್ಲಿ ಅದೇ ಲೆಕ್ಕ ನಡೆಯುವುದು ಅನುಮಾನ. ಕತ್ತೆ ನೋಡಿ: ಶತಮಾನಗಳ ಕಾಲ ನಮ್ಮ ಬಟ್ಟೆಯ ಗಂಟನ್ನು ಹಳ್ಳಕ್ಕೂ ಮನೆಗೂ ಹೊತ್ತದ್ದು ಅದು. ಆದರೂ ಬೈಗುಳದಲ್ಲೇ ಉಳಿದಿರುವುದರಿಂದ ಪೊಟ್ಟಣದ ಮೇಲೆ ನಿಲ್ಲಲಾರದು.

ಕರ್ನಾಟಕದ ಉತ್ತರ ಬೇರೆಯದೇ. 1916ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ಸಾಬೂನು ಕಾರ್ಖಾನೆಯಾಗಿ ಹುಟ್ಟಿ, 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮವಾದ ಸಂಸ್ಥೆಯ ಗುರುತು ಶರಭ: ಸಿಂಹದ ಮೈ, ಆನೆಯ ತಲೆ. ಧೈರ್ಯ, ಬಲ, ವಿವೇಕಗಳ ಸಂಕೇತ ಎನ್ನುತ್ತಾರೆ. ದೇವಾಲಯದ ಕಂಬಗಳಲ್ಲಿ ಇಂಥ ಬೆರಕೆ ಪ್ರಾಣಿಗಳನ್ನು ನೋಡಿ ಬೆಳೆದ ಕಣ್ಣಿಗೆ ಅದು ಅಪರಿಚಿತವಲ್ಲ. ಟ್ರೇಡ್‌ಮಾರ್ಕಿನ ದೃಷ್ಟಿಯಿಂದ ಇದು ಬಹಳ ಜಾಣ ಆಯ್ಕೆ ಎಂದೇ ನಮ್ಮ ಅಭಿಪ್ರಾಯ. ಬರೀ ಆನೆ, ಬರೀ ಸಿಂಹ ಹತ್ತು ಜನರ ಬಳಿ ಇರುತ್ತದೆ. ಎರಡೂ ಕೂಡಿದ ಈ ಆಕಾರವನ್ನು ಬೇರೆಯವರು ‘ಆಕಸ್ಮಿಕವಾಗಿ ಹೊಳೆಯಿತು’ ಎನ್ನುವಂತಿಲ್ಲ.

ಹೊಸದಾಗಿ ಪ್ರಾಣಿ ಇಡುವವರಿಗೆ

ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಸಣ್ಣ ಘಟಕ ಇಟ್ಟು ಪುಡಿ ಮಾಡುವವರು ಮೊದಲು ಗುಣವನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಲಿ, ಪ್ರಾಣಿ ಆಮೇಲೆ. ಬಿಳುಪು, ಪರಿಮಳ, ಕಡಿಮೆ ಬೆಲೆ ಮೂರನ್ನೂ ಒಂದೇ ಮೊಲದ ಮೇಲೆ ಹೇರಿದರೆ ಮೂರೂ ಬೀಳುತ್ತವೆ.

ಚಿತ್ರವನ್ನು ಹತ್ತು ರೂಪಾಯಿ ಪೊಟ್ಟಣದ ಅಳತೆಯಲ್ಲೇ ಬರೆಸಬೇಕು. ತೂಕ, ಎಂಆರ್‌ಪಿ, ತಯಾರಕರ ವಿಳಾಸ, ತಯಾರಾದ ತಿಂಗಳು, ದೂರಿನ ಫೋನ್ ನಂಬರ್ ಇಷ್ಟೂ ಕಾನೂನಿನ ಪ್ರಕಾರ ಇರಲೇಬೇಕು. ಪ್ರಾಣಿಗೆ ಉಳಿಯುವ ಜಾಗ ಎಷ್ಟೋ ಸಲ ಹೆಬ್ಬೆರಳಿನಷ್ಟು. ಪೊಟ್ಟಣದ ಹಾಳೆ ಅಚ್ಚಾಗುವುದು ಚಿತ್ರ ಕೊರೆದ ಸಿಲಿಂಡರಿನಿಂದ ಅಚ್ಚೊತ್ತುವ ರೋಟೊಗ್ರಾವ್ಯೂರ್ ಯಂತ್ರದಲ್ಲಿ, ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್. ಓಡುವ ಹಾಳೆ ಕೂದಲೆಳೆಯಷ್ಟು ಸರಿದರೂ ಕಣ್ಣು ಕೆನ್ನೆಗೆ ಹೋಗುತ್ತದೆ. ದಪ್ಪ ಗೆರೆ, ಎರಡು ಮೂರು ಬಣ್ಣ, ಗೆರೆಯ ಅಡಿಗೆ ಬಣ್ಣ ಸ್ವಲ್ಪ ಚಾಚುವಂತೆ ಬಿಟ್ಟಿರುವುದು ಕ್ಷೇಮ. ತುಪ್ಪಳದ ಬಣ್ಣದ ಇಳಿತ ಟಿವಿಗೆ ಚೆಂದ, ಪೊಟ್ಟಣದಲ್ಲಿ ಮಸಿಯ ಕಲೆ.

ಬಿಡಿ ಕಲಾವಿದರಿಂದ ಬರೆಸಿದರೆ ಹಕ್ಕು ವರ್ಗಾವಣೆಯ ಪತ್ರ ಬೇಕೇ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ 1957ರ ಹಕ್ಕುಸ್ವಾಮ್ಯ ಕಾಯ್ದೆ ಐದು ವರ್ಷ ಎಂದೇ ತಿಳಿಯುತ್ತದೆ. ಯಾವ ಪ್ರದೇಶ ಎಂದು ಬರೆಯದಿದ್ದರೆ ಭಾರತ ಮಾತ್ರ. ಐದು ವರ್ಷ ದುಡಿದು ಹೆಸರು ಮಾಡಿದ ಪ್ರಾಣಿ ಆರನೆಯ ವರ್ಷ ಕೈತಪ್ಪಬಹುದು. ಗುರುತಿನ ಹಕ್ಕು ಎಷ್ಟು ಪ್ರತ್ಯೇಕವಾದ ಆಸ್ತಿ ಎಂಬುದಕ್ಕೆ ಆ ಕರಡಿಮರಿಯೇ ಸಾಕ್ಷಿ: ಅಮೆರಿಕದಲ್ಲಿ ಯೂನಿಲಿವರ್ 2008ರಲ್ಲಿ ತನ್ನ ಬಟ್ಟೆ ಸೋಪಿನ ವ್ಯವಹಾರ ಮಾರಿದಾಗ ಸ್ನಗಲ್ ಬೇರೆಯವರ ಪಾಲಾಗಿ, 2016ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿಯ ಮನೆ ಸೇರಿತು.

ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಬಟ್ಟೆ ಸೋಪು ಬರುವುದು 3ನೇ ವರ್ಗಕ್ಕೆ. ಅರ್ಜಿಗೆ ಮೊದಲು ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಪದದಿಂದಷ್ಟೇ ಅಲ್ಲದೆ, ಚಿತ್ರಗಳನ್ನು ಬಗೆಬಗೆಯಾಗಿ ವಿಂಗಡಿಸಿ ಸಂಖ್ಯೆ ಕೊಡುವ ವಿಯೆನ್ನಾ ಕೋಡ್‌ನಿಂದಲೂ ಹುಡುಕಬೇಕು, ಏಕೆಂದರೆ ಚಿತ್ರಗಳು ಸಿಗುವುದು ಅಲ್ಲಿ. ಆ ಪಟ್ಟಿಯಲ್ಲಿ ಪ್ರಾಣಿಗಳ ವಿಭಾಗದ ಸಂಖ್ಯೆಯೂ 3. ಹೊಸಬರು ಎರಡನ್ನೂ ಕಲಸಿಕೊಳ್ಳುವುದುಂಟು. ಆನ್‌ಲೈನ್ ಶುಲ್ಕ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಬಣ್ಣದ ಮಿತಿ ಇಲ್ಲದೆ ಕಪ್ಪು ಬಿಳುಪಿನಲ್ಲಿ ಕೊಟ್ಟರೆ ಎಲ್ಲ ಬಣ್ಣಕ್ಕೂ ರಕ್ಷಣೆ. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಆಕ್ಷೇಪಣೆಗೆ ಅವಕಾಶ. ನೋಂದಣಿ ಹತ್ತು ವರ್ಷಕ್ಕೆ, ಮತ್ತೆ ನವೀಕರಣ. ಧಾರ್ಮಿಕ ಭಾವನೆಗೆ ನೋವಾಗಬಹುದಾದ ಗುರುತನ್ನು ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ತಡೆಯುತ್ತದೆ. ಹಸು, ನಂದಿ, ಗರುಡ, ಹನುಮ ಇವನ್ನು ಕೊಳೆ ಬಟ್ಟೆಯ ಪಕ್ಕ ನಿಲ್ಲಿಸುವ ಯೋಚನೆ ಬಿಡುವುದೇ ಒಳ್ಳೆಯದು.

ಜಾಹೀರಾತಿಗೆ ಜೀವಂತ ಪ್ರಾಣಿ ಬೇಕೆನ್ನುವವರು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಪಡೆಯಬೇಕು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ, ಹೋರಿಗಳನ್ನು ಪ್ರದರ್ಶನಕ್ಕೆ ಪಳಗಿಸುವುದೇ ನಿಷಿದ್ಧ. 1990ರ ದಶಕದಲ್ಲಿ ಫ್ರಾನ್ಸಿನ ಓಮೊ ಪುಡಿ ಚಿಂಪಾಂಜಿಗಳಿಗೆ ಉಡುಪು ತೊಡಿಸಿ ‘ಪೊಟ್ಟಣ ಪುಟ್ಟದು, ಶಕ್ತಿ ದೊಡ್ಡದು’ ಎಂದು ಹೇಳಿಸಿದ ಬಗೆ ಇಲ್ಲಿ ನಡೆಯದು, ನಡೆಯಲೂ ಬಾರದು.

ಸಿಲಿಂಡರ್ ಕೊರೆಸುವ ಮೊದಲು ಇನ್ನೊಂದು ಪರೀಕ್ಷೆ. ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ ಪೊಟ್ಟಣವನ್ನು ಇಪ್ಪತ್ತು ಮನೆಗಳಿಗೆ ಕೊಟ್ಟು, ಒಂದು ವಾರ ಬಿಟ್ಟು ಹೋಗಿ, ಅಂಗಡಿಯಲ್ಲಿ ಇದನ್ನು ಏನೆಂದು ಕೇಳುತ್ತೀರಿ ಎಂದು ವಿಚಾರಿಸಿ. ‘ಆ ಮಡಿವಾಳ ಹಕ್ಕಿ ಮಾರ್ಕಿಂದು’ ಎಂಬಂಥ ಉತ್ತರ ಬಂದರೆ ಕೊರೆಸಬಹುದು. ‘ಅದೇ, ನೀಲಿ ಕವರಿಂದು’ ಎಂದರೆ ಚಿತ್ರವನ್ನು ವಾಪಸ್ ಕಲಾವಿದರಿಗೆ ಕಳಿಸಿ.